ನೋಂದಣಿ ಎಲ್ಲಿ ಸಿಕ್ಕಿಕೊಂಡಿತು? ಅಂತರ್ಜಾಲ ದೂರವಾಣಿ ಸಂಖ್ಯೆ ಪಡೆಯುವಾಗಿನ ದೋಷ ಪತ್ತೆ

ಹೆಸರು, ಇಮೇಲ್, ಮೊಬೈಲ್ ಸಂಖ್ಯೆ ಎಲ್ಲವನ್ನೂ ತುಂಬಿ ಗುಂಡಿ ಒತ್ತಿದ ಮೇಲೆ ‘ಏನೋ ತಪ್ಪಾಗಿದೆ, ದಯವಿಟ್ಟು ಮತ್ತೆ ಪ್ರಯತ್ನಿಸಿ’ ಎಂಬ ಒಂದೇ ಸಾಲು ಕಾಣಿಸಿಕೊಂಡರೆ ಬಹುತೇಕ ಎಲ್ಲರೂ ಮತ್ತೆ ಒತ್ತುತ್ತಾರೆ. ನಾನೂ ಒತ್ತಿದ್ದೆ. ಸಿಮ್ ಇಲ್ಲದೆ ಅಂತರ್ಜಾಲದ ಮೂಲಕವೇ ಕರೆ ಮಾಡಲು, ಪಡೆಯಲು ಸಿಗುವ ಅಂತರ್ಜಾಲ ದೂರವಾಣಿ ಸಂಖ್ಯೆಗೆ ಮೊದಲ ಸಲ ನೋಂದಾಯಿಸಿದಾಗ ಒಟಿಪಿ ಬರಲಿಲ್ಲವೆಂದು ಅರ್ಧ ನಿಮಿಷಕ್ಕೊಮ್ಮೆ ‘ಮತ್ತೆ ಕಳುಹಿಸಿ’ ಒತ್ತುತ್ತಾ ಹೋದೆ. ಆರನೆಯದೋ ಏಳನೆಯದೋ ಸಲಕ್ಕೆ ‘ಪ್ರಯತ್ನಗಳ ಮಿತಿ ಮೀರಿದೆ’ ಎಂದು ಬಂತು. ಇಡೀ ಒಂದು ದಿನ ಬಾಗಿಲು ಮುಚ್ಚಿತು. ಮರುದಿನ ಸಮಾಧಾನದಿಂದ ನೋಡಿದಾಗ ಮೂಲ ಕಾರಣ ತೀರ ಚಿಕ್ಕದೆಂದು ತಿಳಿಯಿತು: ದೇಶದ ಸಂಕೇತವನ್ನು ಆರಿಸಿದ ಮೇಲೂ ಸಂಖ್ಯೆಯ ಮುಂದೆ ಒಂದು ಸೊನ್ನೆಯನ್ನು ಉಳಿಸಿಬಿಟ್ಟಿದ್ದೆ.

ಆ ದಿನದಿಂದ ನಾನು ಪಾಲಿಸುತ್ತಿರುವ ನಿಯಮ ಒಂದೇ. ತಪ್ಪು ಯಾವ ಹಂತದಲ್ಲಿದೆ ಎಂದು ಗೊತ್ತಾಗುವ ತನಕ ಯಾವ ಗುಂಡಿಯನ್ನೂ ಎರಡನೆಯ ಸಲ ಒತ್ತುವುದಿಲ್ಲ. ಈ ಸಂಖ್ಯೆ ಕೊಡುವ ಸೇವೆಯವರು ಇಷ್ಟು ಬಿಗಿಯಾಗಿರುವುದಕ್ಕೆ ಕಾರಣವಿದೆ. ಅವರು ಕಳುಹಿಸುವ ಪ್ರತಿ ಎಸ್‌ಎಂಎಸ್‌ಗೂ ಹಣ ತೆರುತ್ತಾರೆ. ಸುಳ್ಳು ನೋಂದಣಿಗಳನ್ನು ಮಾಡಿ, ದುಬಾರಿ ಸಂಖ್ಯೆಗಳಿಗೆ ರಾಶಿ ರಾಶಿ ಒಟಿಪಿ ಹೋಗುವಂತೆ ಮಾಡಿ, ಆ ಹಣದಲ್ಲಿ ಪಾಲು ಹೊಡೆಯುವ ವಂಚನೆಯೇ ಒಂದು ದಂಧೆಯಾಗಿದೆ. ನೀವು ಆತುರದಿಂದ ಒತ್ತುವ ರೀತಿಗೂ ವಂಚಕರ ಯಂತ್ರ ಒತ್ತುವ ರೀತಿಗೂ ಅವರ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ.

ಇನ್ನೊಂದು ವಿಷಯವೂ ಇದೆ. ಸಾಮಾನ್ಯವಾಗಿ ಹೊಸ ಒಟಿಪಿ ಹೊರಟ ಕೂಡಲೇ ಹಳೆಯದು ರದ್ದಾಗುತ್ತದೆ. ಜಾಲ ನಿಧಾನವಾಗಿದ್ದಾಗ ಮೂರು ಸಲ ಒತ್ತಿದರೆ ಮೂರು ಸಂದೇಶಗಳು ತಡವಾಗಿ, ಕೆಲವೊಮ್ಮೆ ಹಿಂದೆ ಮುಂದಾಗಿ ಬರುತ್ತವೆ. ಮೊದಲು ಕೈಗೆ ಸಿಕ್ಕಿದ್ದನ್ನು ತುಂಬಿದರೆ ಅದು ಆಗಲೇ ಸತ್ತಿರುತ್ತದೆ. ಆಗ ‘ತಪ್ಪು ಒಟಿಪಿ’ಯ ಲೆಕ್ಕವೂ ನಿಮ್ಮ ಹೆಸರಿಗೆ ಸೇರುತ್ತದೆ.

ಯಾವ ಬಾಗಿಲಲ್ಲಿ ನಿಂತಿದ್ದೀರಿ?

ಒಂದೇ ಪುಟದಲ್ಲಿ ಮುಗಿಯುವಂತೆ ಕಂಡರೂ ನೋಂದಣಿಗೆ ಹಲವು ಬಾಗಿಲುಗಳಿವೆ. ಮೊದಲು ನಿಮ್ಮ ಬ್ರೌಸರ್ ಮತ್ತು ಜಾಲವನ್ನು ಒಪ್ಪಿಕೊಳ್ಳಬೇಕು. ಆಮೇಲೆ ಇಮೇಲ್ ಖಚಿತವಾಗಬೇಕು, ನಂತರ ಈಗಿರುವ ಮೊಬೈಲ್ ಸಂಖ್ಯೆ. ಹಣ ಪಾವತಿಯೂ ಗುರುತಿನ ಪರಿಶೀಲನೆಯೂ ಅದರ ಮುಂದಿನವು. ಹೊಸ ಸಂಖ್ಯೆ ಹಂಚಿಕೆಯಾಗುವುದು ಇವೆಲ್ಲ ದಾಟಿದ ಮೇಲೆ. ಕೊನೆಗೆ ನಿಮ್ಮ ಆಪ್ ಅಥವಾ ಐಪಿ ಫೋನ್ (ಅಂತರ್ಜಾಲಕ್ಕೆ ನೇರವಾಗಿ ಜೋಡಿಸುವ ದೂರವಾಣಿ) ಆ ಸಂಖ್ಯೆಯ ಹೆಸರಿನಲ್ಲಿ ಸರ್ವರ್‌ಗೆ ನೋಂದಾಯಿಸಿಕೊಳ್ಳಬೇಕು.

ತಪ್ಪಿನ ಸಂದೇಶ ಏನೇ ಹೇಳಲಿ, ಕೈಗೆ ಬಂದಿರುವುದನ್ನು ನೋಡಿ ತೀರ್ಮಾನಿಸಿ. ಸ್ವಾಗತದ ಇಮೇಲ್ ಬಂದಿದ್ದು ಒಟಿಪಿ ಬಂದಿಲ್ಲವಾದರೆ ಮೊದಲ ಎರಡು ಬಾಗಿಲು ದಾಟಿದ್ದೀರಿ, ಬ್ರೌಸರ್ ಬದಲಿಸಿ ಪ್ರಯೋಜನವಿಲ್ಲ. ಖಾತೆಯ ಪುಟ ತೆರೆಯುತ್ತಿದೆ, ಸಂಖ್ಯೆಯ ಜಾಗ ಮಾತ್ರ ಖಾಲಿಯಾಗಿದೆ ಎಂದರೆ ದೋಷ ಹಂಚಿಕೆಯಲ್ಲಿದೆ ಅಥವಾ ದಾಖಲೆಯಲ್ಲಿದೆ. ಪುಟದಲ್ಲಿ ಸಂಖ್ಯೆ ಕಾಣುತ್ತಿದ್ದು ಆಪ್ ಮಾತ್ರ ‘ನೋಂದಣಿಯಾಗಿಲ್ಲ’ ಎಂದರೆ ಖಾತೆ ಸರಿಯಿದೆ, ತೊಂದರೆ ಸಾಧನದಲ್ಲಿದೆ ಇಲ್ಲವೇ ರೌಟರ್‌ನಲ್ಲಿದೆ. ಇಷ್ಟು ಗುರುತಿಸಿಕೊಂಡರೆ ಅರ್ಧ ಕೆಲಸ ಆದಂತೆ.

ಪುಟವೇ ಮುಂದೆ ಹೋಗದಿದ್ದರೆ

ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ಪುಟವನ್ನು ತೆರೆಯಿರಿ. ಅಲ್ಲಿ ಹಳೆಯ ಕುಕಿಗಳು (ಜಾಲತಾಣಗಳು ಬ್ರೌಸರ್‌ನಲ್ಲಿ ಉಳಿಸುವ ಗುರುತುಗಳು) ಇರುವುದಿಲ್ಲ, ಜಾಹೀರಾತು ತಡೆಯುವ ವಿಸ್ತರಣೆಗಳೂ ಸಾಮಾನ್ಯವಾಗಿ ನಿಂತಿರುತ್ತವೆ. ‘ನಾನು ಯಂತ್ರವಲ್ಲ’ ಎಂದು ಸಾಬೀತುಪಡಿಸುವ ಚೌಕ ಕಾಣದೆ ಗುಂಡಿ ಮಸುಕಾಗಿಯೇ ಉಳಿಯುವುದಕ್ಕೆ ಹೆಚ್ಚಿನ ಸಲ ಈ ವಿಸ್ತರಣೆಗಳೇ ಕಾರಣ. ಸಾಧನದ ದಿನಾಂಕ ಮತ್ತು ಗಡಿಯಾರವನ್ನೂ ಒಮ್ಮೆ ನೋಡಿ. ದಿನಾಂಕ ತಪ್ಪಿದ್ದರೆ ಸುರಕ್ಷತಾ ಪ್ರಮಾಣಪತ್ರದ ಅವಧಿ ಮುಗಿದಂತೆ ಕಂಡು ಸಂಪರ್ಕವೇ ಕಡಿದುಹೋಗುತ್ತದೆ.

ಆದರೆ ಈ ಹಂತದಲ್ಲಿ ನಾನು ಮೊದಲು ಕೇಳುವ ಪ್ರಶ್ನೆ ವಿಪಿಎನ್ (ನಿಮ್ಮ ಸಂಪರ್ಕವನ್ನು ಬೇರೆಡೆಯ ಸರ್ವರ್ ಮೂಲಕ ಹಾಯಿಸಿ, ಅಲ್ಲಿಂದಲೇ ಬಂದಂತೆ ತೋರಿಸುವ ಸೇವೆ) ಕುರಿತದ್ದು. ದೂರವಾಣಿ ಸಂಖ್ಯೆ ಕೊಡುವವರು ಮೂರು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ: ನಿಮ್ಮ ಐಪಿ ವಿಳಾಸ (ಅಂತರ್ಜಾಲದಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಯಾವ ದೇಶದ್ದು, ನೀವು ಕೊಟ್ಟ ಮೊಬೈಲ್ ಸಂಖ್ಯೆ ಯಾವ ದೇಶದ್ದು, ನಿಮ್ಮ ಕಾರ್ಡು ಯಾವ ದೇಶದ್ದು. ಮೂರೂ ಮೂರು ದಿಕ್ಕಿಗಿದ್ದರೆ ಖಾತೆ ತೆರೆಯುವ ಮೊದಲೇ ಅನುಮಾನದ ಪಟ್ಟಿಗೆ ಸೇರುತ್ತದೆ. ಇನ್ನೊಂದು ದೇಶದ ಸಂಖ್ಯೆ ಬೇಕೆಂದು ಆ ದೇಶದ ವಿಪಿಎನ್ ಹಾಕಿಕೊಂಡು ಕೂರುವವರು ಬಹಳ. ಅದರಿಂದ ಲಾಭವಾಗುವುದಿಲ್ಲ, ಗೊತ್ತಿರುವ ವಿಪಿಎನ್ ವಿಳಾಸಗಳನ್ನು ಹಲವು ಸೇವೆಗಳು ನೇರವಾಗಿ ತಡೆಯುತ್ತವೆ. ನೋಂದಣಿ ಮುಗಿಯುವ ತನಕವಾದರೂ ಅದನ್ನು ನಿಲ್ಲಿಸಿಡಿ.

ವಿಪಿಎನ್ ಇಲ್ಲದಿದ್ದರೂ ಕೆಲವರಿಗೆ ಇದೇ ಗತಿ. ಕಚೇರಿ, ವಿದ್ಯಾರ್ಥಿನಿಲಯ, ಹಲವು ಮೊಬೈಲ್ ಜಾಲಗಳಲ್ಲಿ ಬಹಳಷ್ಟು ಜನ ಒಂದೇ ಸಾರ್ವಜನಿಕ ಐಪಿ ವಿಳಾಸದ ಹಿಂದೆ ಇರುತ್ತಾರೆ. ಅವರಲ್ಲಿ ಯಾರೋ ಮಾಡಿದ ದುರುಪಯೋಗದ ಫಲ ನಿಮ್ಮ ಪಾಲಿಗೂ ಬರುತ್ತದೆ. ವೈಫೈ ಬಿಟ್ಟು ಮೊಬೈಲ್ ಡೇಟಾದಿಂದ, ಅಥವಾ ಅದಕ್ಕೆ ಉಲ್ಟಾ, ಒಂದೇ ಒಂದು ಸಲ ಪ್ರಯತ್ನಿಸಿ.

ಇಮೇಲ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸ್ಪ್ಯಾಮ್ ಕಡತಕೋಶ ನೋಡಿ, ವಿಳಾಸದಲ್ಲಿ ಅಕ್ಷರ ತಪ್ಪಿದೆಯೇ ನೋಡಿ, ತಾತ್ಕಾಲಿಕ ಇಮೇಲ್ ವಿಳಾಸಗಳನ್ನು ಬಳಸಬೇಡಿ. ಸಂಸ್ಥೆಯ ಇಮೇಲ್ ಆಗಿದ್ದರೆ ಹತ್ತು ಹದಿನೈದು ನಿಮಿಷ ಕಾಯಿರಿ. ಕೆಲವು ಮೇಲ್ ಸರ್ವರ್‌ಗಳು ಅಪರಿಚಿತರ ಮೊದಲ ಪತ್ರವನ್ನು ಬೇಕೆಂದೇ ಹಿಂದಿರುಗಿಸಿ, ಎರಡನೆಯ ಸಲ ಬಂದಾಗ ಮಾತ್ರ ಒಳಗೆ ಬಿಡುತ್ತವೆ. ಖಚಿತಪಡಿಸುವ ಕೊಂಡಿಯನ್ನು ನೋಂದಣಿ ಆರಂಭಿಸಿದ ಬ್ರೌಸರ್‌ನಲ್ಲಿಯೇ ತೆರೆಯುವುದು ಒಳ್ಳೆಯದು.

ಒಟಿಪಿಯ ಬಾಗಿಲು

ನಾನು ಕಂಡಂತೆ ಹೆಚ್ಚು ಜನ ಬಂದು ನಿಲ್ಲುವುದು ಇಲ್ಲಿಯೇ. ಇಲ್ಲಿನ ಕಾರಣಗಳು ಒಂದಕ್ಕೊಂದು ಸಂಬಂಧವಿಲ್ಲದವು. ಆದ್ದರಿಂದ ಒಂದನ್ನು ಪೂರ್ತಿ ತಳ್ಳಿಹಾಕಿದ ಮೇಲೆಯೇ ಇನ್ನೊಂದಕ್ಕೆ ಹೋಗಬೇಕು.

ಮೊದಲು ಸಂಖ್ಯೆ ಬರೆದ ರೀತಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಇ.164 ಎಂಬ ಶಿಫಾರಸಿನ ಪ್ರಕಾರ ಪೂರ್ಣ ಸಂಖ್ಯೆಯೆಂದರೆ ದೇಶದ ಸಂಕೇತ ಮತ್ತು ಅದರ ಮುಂದಿನ ದೇಶೀಯ ಸಂಖ್ಯೆ, ಎರಡೂ ಸೇರಿ ಗರಿಷ್ಠ 15 ಅಂಕಿಗಳು. ಬರೆಯುವಾಗ ಮೊದಲಿಗೆ + ಚಿಹ್ನೆ ಹಾಕುವುದು ರೂಢಿ. ಹಲವು ದೇಶಗಳಲ್ಲಿ ಒಳಗಿನ ಕರೆಗೆ ಹಾಕುವ 0 ಸಂಖ್ಯೆಯ ಭಾಗವಲ್ಲ, ದೇಶದ ಸಂಕೇತ ಬಂದ ಮೇಲೆ ಅದನ್ನು ಬಿಡಬೇಕು. ಇಟಲಿಯ ಸ್ಥಿರ ದೂರವಾಣಿಗಳು ಇದಕ್ಕೆ ಹೊರತು, ಅಲ್ಲಿ ಮೊದಲ ಸೊನ್ನೆಯನ್ನು ಉಳಿಸಿಕೊಳ್ಳಬೇಕು. ಪಟ್ಟಿಯಿಂದ ದೇಶವನ್ನು ಆರಿಸಿದ ಮೇಲೆ ಚೌಕದಲ್ಲಿ ಮತ್ತೆ ದೇಶದ ಸಂಕೇತ ಬರೆದರೆ ಅದು ಎರಡು ಸಲ ಸೇರುತ್ತದೆ. ಫೋನ್ ತಾನಾಗಿಯೇ ತುಂಬಿಕೊಡುವ ಸಂಖ್ಯೆಯಲ್ಲಿ ಈ ತಪ್ಪು ಹೆಚ್ಚು. ಒಮ್ಮೆ ಎಲ್ಲವನ್ನೂ ಅಳಿಸಿ ಕೈಯಾರೆ ಬರೆಯಿರಿ.

ಎರಡನೆಯದು ನೀವು ಕೊಟ್ಟ ಸಂಖ್ಯೆಯ ಜಾತಿ. ಸೇವೆಯವರು ಒಟಿಪಿ ಕಳುಹಿಸುವ ಮೊದಲು ಆ ಸಂಖ್ಯೆ ಮೊಬೈಲೋ, ಸ್ಥಿರ ದೂರವಾಣಿಯೋ, ಇನ್ನೊಂದು ಅಂತರ್ಜಾಲ ಸಂಖ್ಯೆಯೋ ಎಂದು ದತ್ತಾಂಶ ಕೋಶದಲ್ಲಿ ವಿಚಾರಿಸಬಲ್ಲರು. ಅಂತರ್ಜಾಲ ಸಂಖ್ಯೆ ಪಡೆಯಲು ಇನ್ನೊಂದು ಅಂತರ್ಜಾಲ ಸಂಖ್ಯೆಯನ್ನೇ ಸಾಕ್ಷಿಯಾಗಿ ಕೊಟ್ಟರೆ ಹೆಚ್ಚಿನವರು ಒಪ್ಪುವುದಿಲ್ಲ. ಒಬ್ಬನೇ ಸರಪಳಿಯಂತೆ ನೂರು ಸಂಖ್ಯೆ ಪಡೆಯುವುದನ್ನು ತಡೆಯಲು ಅವರಿಗಿರುವ ದಾರಿ ಅದೇ. ‘ಈ ಸಂಖ್ಯೆಯನ್ನು ಬಳಸಲಾಗದು’ ಎಂಬ ಮಾತು ಕ್ಷಣದಲ್ಲೇ ಬಂದರೆ ಬಹುಪಾಲು ಇದೇ ಕಾರಣ. ಇಲ್ಲಿ ಕಾದು ಫಲವಿಲ್ಲ, ಸಿಮ್ ಇರುವ ಮೊಬೈಲ್ ಸಂಖ್ಯೆಯೇ ಬೇಕು.

ಸಂಖ್ಯೆ ಸರಿಯಿದೆ, ಸ್ವೀಕಾರವೂ ಆಗಿದೆ, ಒಟಿಪಿ ಮಾತ್ರ ಬರುತ್ತಿಲ್ಲ. ಈಗ ಒಂದು ಪರೀಕ್ಷೆ ಮಾಡಿ: ನಿಮ್ಮ ಬ್ಯಾಂಕು, ಇಮೇಲ್ ಹೀಗೆ ಬೇರೆ ಯಾವುದಾದರೂ ಸೇವೆಯಿಂದ ಅದೇ ಫೋನಿಗೆ ಒಟಿಪಿ ತರಿಸಿಕೊಳ್ಳಿ. ಅದೂ ಬರದಿದ್ದರೆ ತೊಂದರೆ ನಿಮ್ಮ ಫೋನಿನಲ್ಲಿದೆ ಅಥವಾ ಸಿಮ್ ಕಂಪನಿಯಲ್ಲಿದೆ. ಅದು ಬಂದು ಇದು ಬರದಿದ್ದರೆ ಈ ಸೇವೆಯ ಸಂದೇಶ ಬರುವ ದಾರಿಯಲ್ಲಿ ಅಡ್ಡಿಯಿದೆ. ಈ ಒಂದು ಪರೀಕ್ಷೆ ಮಾಡದೆ ಸಹಾಯವಾಣಿಗೆ ಬರೆದರೆ ನಿಮ್ಮ ಪ್ರಶ್ನೆ ಸೇವೆಯವರಿಂದ ಸಿಮ್ ಕಂಪನಿಗೂ ಅಲ್ಲಿಂದ ಹಿಂದಕ್ಕೂ ಅಲೆಯುತ್ತದೆ.

ಫೋನಿನೊಳಗಿನ ಕಾರಣಗಳು ಇವು. ಎರಡು ಸಿಮ್ ಇರುವಾಗ ಕೊಟ್ಟ ಸಂಖ್ಯೆಯ ಸಿಮ್ ನಿಷ್ಕ್ರಿಯವಾಗಿರಬಹುದು. ಅಪರಿಚಿತರ ಸಂದೇಶಗಳು ಬೇರೆ ಕಡತಕೋಶಕ್ಕೆ ಸರಿದಿರಬಹುದು, ಅದರ ಸೂಚನೆಯ ಸದ್ದೂ ಬರುವುದಿಲ್ಲ. ಸಂಗ್ರಹದ ಜಾಗ ಪೂರ್ತಿ ತುಂಬಿದ್ದರೆ ಹೊಸ ಎಸ್‌ಎಂಎಸ್ ಒಳಗೆ ಬಾರದೆ ನಿಲ್ಲುತ್ತದೆ. ದಾರಿಯ ಅಡ್ಡಿಗಳು ಬೇರೆ ಬಗೆಯವು. ಒಟಿಪಿ ಐದಾರು ಅಂಕಿಗಳ ಕಿರು ಸಂಖ್ಯೆಯಿಂದ ಬರುವುದಾದರೆ, ಹಿಂದೆ ಎಂದೋ ‘ಹಣ ಕಡಿತವಾಗುವ ಸಂದೇಶಗಳು ಬೇಡ’ ಎಂದು ಸಿಮ್ ಕಂಪನಿಗೆ ಹೇಳಿದ್ದರ ಪರಿಣಾಮವಾಗಿ ಅದೂ ತಡೆಯಲ್ಪಟ್ಟಿರಬಹುದು. ಹೊರದೇಶದ ಜಾಲದಲ್ಲಿ ರೋಮಿಂಗ್‌ನಲ್ಲಿರುವಾಗಲೂ ಕಿರು ಸಂಖ್ಯೆಗಳ ಸಂದೇಶ ತಲುಪದೆ ಹೋಗುವುದುಂಟು. ಸಂಖ್ಯೆಯನ್ನು ಇತ್ತೀಚೆಗೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ವರ್ಗಾಯಿಸಿದ್ದರೆ ಕೆಲವು ಸಂದೇಶಗಳು ಇನ್ನೂ ಹಳೆಯ ಕಂಪನಿಯ ಬಾಗಿಲು ತಟ್ಟುತ್ತಿರಬಹುದು. ಎರಡು ಮೂರು ದಿನ ಬಿಟ್ಟು ನೋಡಿ.

ಎಸ್‌ಎಂಎಸ್ ಕೈಕೊಟ್ಟಾಗ ‘ಕರೆಯ ಮೂಲಕ ಒಟಿಪಿ’ ಎಂಬ ಆಯ್ಕೆ ಇದ್ದರೆ ಅದನ್ನು ಬಳಸಿ. ಇದರಲ್ಲೂ ಒಂದು ಬಲೆಯಿದೆ. ಐಫೋನ್‌ನಲ್ಲಿ 2019ರ ಐಒಎಸ್ 13ರಿಂದ ಅಪರಿಚಿತ ಕರೆಗಳನ್ನು ಮೌನಗೊಳಿಸುವ ಸೌಲಭ್ಯವಿದೆ. ಅದು ಚಾಲೂ ಇದ್ದರೆ ಫೋನ್ ರಿಂಗಾಗುವುದೇ ಇಲ್ಲ, ಒಟಿಪಿ ಓದುವ ಯಂತ್ರದ ಧ್ವನಿ ವಾಯ್ಸ್‌ಮೇಲ್‌ಗೆ ಹೋಗಿ ಮುಗಿಯುತ್ತದೆ. ಬೇರೆ ಫೋನ್‌ಗಳಲ್ಲಿ ಸ್ಪ್ಯಾಮ್ ಕರೆ ತಡೆಯುವ ಆಪ್‌ಗಳು ಇದೇ ಕೆಲಸ ಮಾಡುತ್ತವೆ. ಹತ್ತು ನಿಮಿಷದ ಮಟ್ಟಿಗೆ ಅವನ್ನು ನಿಲ್ಲಿಸಿ ಆಮೇಲೆ ಕರೆ ಕೋರಿ.

‘ಈ ಸಂಖ್ಯೆ ಬೇರೊಂದು ಖಾತೆಯಲ್ಲಿದೆ’ ಎಂಬ ಸಂದೇಶವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ನೀವೇ ಹಿಂದೆ ಬೇರೆ ಇಮೇಲ್‌ನಿಂದ ಖಾತೆ ತೆರೆದು ಮರೆತಿರಬಹುದು. ಬಳಕೆಯಲ್ಲಿಲ್ಲದ ಸಂಖ್ಯೆಗಳನ್ನು ಸಿಮ್ ಕಂಪನಿಗಳು ಸ್ವಲ್ಪ ಕಾಲದ ನಂತರ ಹೊಸಬರಿಗೆ ಕೊಡುವುದರಿಂದ, ಹಿಂದಿನ ಮಾಲೀಕರ ಖಾತೆ ಇನ್ನೂ ಉಳಿದಿರಬಹುದು. ಮೂರನೆಯ ಸಾಧ್ಯತೆ ಕೆಟ್ಟದ್ದು. ಹಳೆ ಸಾಮಾನು ಮಾರಲು ಜಾಹೀರಾತು ಹಾಕಿದವರಿಗೆ ಯಾರೋ ಬರೆಯುತ್ತಾರೆ: ‘ನೀವು ನಿಜವಾದ ವ್ಯಕ್ತಿಯೇ ಎಂದು ತಿಳಿಯಬೇಕು, ಈಗ ನಿಮಗೊಂದು ಒಟಿಪಿ ಬರುತ್ತದೆ, ಅದನ್ನು ಹೇಳಿ.’ ಹೇಳಿದ ಮರುಗಳಿಗೆ ನಿಮ್ಮ ಮೊಬೈಲ್ ಸಂಖ್ಯೆಯ ಆಧಾರದ ಮೇಲೆ ಅವರ ಕೈಗೆ ಹೊಸ ಅಂತರ್ಜಾಲ ಸಂಖ್ಯೆ ಸಿಗುತ್ತದೆ. ಅದರಿಂದ ಅವರು ಮಾಡುವ ಮೋಸದ ಕರೆಗಳ ಬುಡದಲ್ಲಿ ನಿಮ್ಮ ಸಂಖ್ಯೆ ಇರುತ್ತದೆ. ಹೀಗಾಗಿದ್ದರೆ ಸೇವೆಯ ‘ಸಂಖ್ಯೆಯನ್ನು ಮರಳಿ ಪಡೆಯಿರಿ’ ಎಂಬ ಮಾರ್ಗದಿಂದ ಅಂದೇ ಅದನ್ನು ಬಿಡಿಸಿಕೊಳ್ಳಿ. ನೋಂದಣಿಯ ಸಹಾಯಕ್ಕೆಂದು ಯಾರೇ ಕರೆ ಮಾಡಿ ಒಟಿಪಿ ಕೇಳಿದರೂ, ಅವರು ಎಷ್ಟೇ ಸಭ್ಯರಾಗಿ ಮಾತಾಡಿದರೂ, ಹೇಳಲೇಬೇಡಿ.

ಹಣ, ವಿಳಾಸ, ದಾಖಲೆ

ಕಾರ್ಡು ತಿರಸ್ಕೃತವಾದರೆ ಮೊದಲು ಬ್ಯಾಂಕಿನ ಆಪ್ ತೆರೆದು ನೋಡಿ. ಆನ್‌ಲೈನ್ ಮತ್ತು ಅಂತರರಾಷ್ಟ್ರೀಯ ಪಾವತಿಗಳು ಮುಚ್ಚಿದ ಸ್ಥಿತಿಯಲ್ಲಿರುವುದು ಸಾಮಾನ್ಯ. ದೃಢೀಕರಣದ ಪುಟ ಪ್ರತ್ಯೇಕ ಕಿಟಕಿಯಲ್ಲಿ ತೆರೆಯುವುದಾದರೆ ಬ್ರೌಸರ್ ಅದನ್ನು ತಡೆದಿರಬಹುದು. ಕಾರ್ಡಿನ ವಿಳಾಸ ಬ್ಯಾಂಕಿನಲ್ಲಿರುವುದಕ್ಕೆ ಹೊಂದುವಂತಿರಬೇಕು, ಪಿನ್‌ಕೋಡ್ ಒಂದು ಅಂಕಿ ತಪ್ಪಿದರೂ ಕೆಲವು ಕಡೆ ಪಾವತಿ ನಿಲ್ಲುತ್ತದೆ. ಮೊದಲೇ ಹಣ ತುಂಬಿಸುವ ಕಾರ್ಡುಗಳನ್ನು ಹಲವರು ಒಪ್ಪುವುದಿಲ್ಲ. ನೋಂದಣಿ ವಿಫಲವಾಗಿಯೂ ಖಾತೆಯಲ್ಲಿ ಸಣ್ಣ ಮೊತ್ತ ಕಡಿತವಾದಂತೆ ಕಂಡರೆ ಗಾಬರಿಯಾಗಬೇಡಿ. ಅದು ಕಾರ್ಡು ಜೀವಂತವಾಗಿದೆಯೇ ಎಂದು ನೋಡಲು ತಡೆಹಿಡಿದ ಹಣ, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿ ಬಿಡುಗಡೆಯಾಗುತ್ತದೆ.

ವಿಳಾಸ ಕೇಳಿದರೆ ಜನ ಸಿಟ್ಟಾಗುತ್ತಾರೆ. ಅಂತರ್ಜಾಲದ ಸಂಖ್ಯೆಗೆ ಮನೆ ವಿಳಾಸ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ, ಅದಕ್ಕೆ ಉತ್ತರವೂ ಇದೆ. ಸಂಖ್ಯೆಗಳು ಆಯಾ ದೇಶದ ನಿಯಂತ್ರಕರ ಸ್ವತ್ತು, ಸೇವೆಯವರು ಅವರ ಷರತ್ತಿಗೆ ಬದ್ಧರು. ಜರ್ಮನಿಯಲ್ಲಿ ಒಂದು ಊರಿನ ಸ್ಥಳೀಯ ಸಂಖ್ಯೆ ಬೇಕಾದರೆ ಆ ಸಂಖ್ಯಾವಲಯದೊಳಗೆ (ಒಂದೇ ಪ್ರದೇಶ ಸಂಕೇತ ಹಂಚಿಕೊಳ್ಳುವ ಜಾಗ) ನಿಮ್ಮ ವಿಳಾಸ ಇರಬೇಕು. ಅಮೆರಿಕದಲ್ಲಿ ಸಾಮಾನ್ಯ ದೂರವಾಣಿ ಜಾಲಕ್ಕೆ ಜೋಡಣೆಯಾಗುವ ಅಂತರ್ಜಾಲ ಸಂಖ್ಯೆಗಳಿಗೆ 2005ರ ಆದೇಶದ ಪ್ರಕಾರ ತುರ್ತು ಸೇವೆಯ ವಿಳಾಸ ದಾಖಲಾಗಬೇಕು, ಏಕೆಂದರೆ 911ಕ್ಕೆ ಕರೆ ಹೋದಾಗ ನೆರವು ಎಲ್ಲಿಗೆ ಬರಬೇಕೆಂದು ತಂತಿಯಿಲ್ಲದ ಈ ಸಂಖ್ಯೆ ತಾನಾಗಿ ಹೇಳಲಾರದು. ಆದ್ದರಿಂದ ಅಂಚೆ ಪೆಟ್ಟಿಗೆಯ ಸಂಖ್ಯೆ ಇಲ್ಲಿ ನಡೆಯುವುದಿಲ್ಲ, ಸುಳ್ಳು ವಿಳಾಸ ಕೊಟ್ಟರೆ ಒಂದು ದಿನ ಅದು ಜೀವಕ್ಕೇ ಎರವಾಗಬಹುದು. ವಿಳಾಸ ಸ್ವೀಕಾರವಾಗದಿದ್ದರೆ ಮನೆ ಸಂಖ್ಯೆ, ಬೀದಿ, ಮಹಡಿ ಇವನ್ನು ಬೇರೆ ಬೇರೆ ಚೌಕಗಳಲ್ಲಿ ಬರೆದು ನೋಡಿ.

ದಾಖಲೆಯ ಚಿತ್ರ ತಿರಸ್ಕಾರವಾಗುವುದು ಹೆಚ್ಚಾಗಿ ಹೊಳಪಿನಿಂದ, ಕತ್ತರಿಸಿದ ಅಂಚಿನಿಂದ, ಇಲ್ಲವೇ ಹೆಸರಿನಿಂದ. ದಾಖಲೆಯಲ್ಲಿ ಹೆಸರಿನ ಮೊದಲಕ್ಷರಗಳಷ್ಟೇ ಇದ್ದು ನೀವು ಪೂರ್ತಿ ವಿಸ್ತರಿಸಿ ಬರೆದಿದ್ದರೆ ಯಂತ್ರಕ್ಕೆ ಅದು ಬೇರೆ ವ್ಯಕ್ತಿಯೇ. ಖಾತೆಯ ಹೆಸರನ್ನು ದಾಖಲೆಯಂತೆ ತಿದ್ದಿ.

ಬೇಕಾದ ಪ್ರದೇಶದಲ್ಲಿ ಸಂಖ್ಯೆಯೇ ಕಾಣದಿದ್ದರೆ ನಿಮ್ಮ ತಪ್ಪೇನೂ ಇಲ್ಲ, ಆ ಸಂಖ್ಯಾವಲಯದ ದಾಸ್ತಾನು ಆ ಸೇವೆಯಲ್ಲಿ ಮುಗಿದಿದೆ. ಪಕ್ಕದ ವಲಯ ನೋಡಿ ಅಥವಾ ಕೆಲವು ದಿನ ಬಿಟ್ಟು ಬನ್ನಿ.

ಸಂಖ್ಯೆ ಸಿಕ್ಕಿತು, ಫೋನ್ ಒಪ್ಪುತ್ತಿಲ್ಲ

ಸೇವೆಯ ಸ್ವಂತ ಆಪ್ ಬಳಸುವವರಿಗೆ ಈ ಭಾಗ ಬೇಕಾಗುವುದು ಕಡಿಮೆ. ಐಪಿ ಫೋನ್ ಅಥವಾ ಬೇರೆಯವರ ಸಾಫ್ಟ್‌ಫೋನ್ (ಫೋನಿನಂತೆ ಕೆಲಸ ಮಾಡುವ ಆಪ್) ಜೋಡಿಸುವವರು ಮಾತ್ರ ಓದಬೇಕು. ಅಂತರ್ಜಾಲದಲ್ಲಿ ಕರೆಗಳನ್ನು ಜೋಡಿಸಲು ಇವು ಎಸ್‌ಐಪಿ ಎಂಬ ನಿಯಮಾವಳಿಯನ್ನು ಬಳಸುತ್ತವೆ. ಈಗ ಚಾಲ್ತಿಯಲ್ಲಿರುವ ಅದರ ರೂಪ 2002ರದು. ಸಂದೇಶಗಳು ಸಾಮಾನ್ಯವಾಗಿ 5060ನೇ ಪೋರ್ಟಿನಲ್ಲಿ (ಪೋರ್ಟ್ ಎಂದರೆ ದತ್ತಾಂಶ ಹೋಗಿಬರುವ, ಅಂಕಿ ಹಾಕಿದ ದಾರಿ), ಗೂಢಲಿಪೀಕರಿಸಿದಾಗ 5061ರಲ್ಲಿ ಓಡಾಡುತ್ತವೆ.

ಸಾಧನ ಬರೆದಿಡುವ ಲಾಗ್‌ನಲ್ಲಿ (ನಡೆದದ್ದರ ದಾಖಲೆ) ಕಾಣುವ ಅಂಕಿಗಳನ್ನು ಓದಲು ಕಲಿತರೆ ಊಹೆ ಬೇಕಾಗುವುದಿಲ್ಲ. ಮೊದಲ ಕೋರಿಕೆಗೆ 401 ಬಂದರೆ ಅದು ದೋಷವಲ್ಲ. ‘ನೀನು ಯಾರು, ಸಾಬೀತುಪಡಿಸು’ ಎಂದು ಸರ್ವರ್ ಕೇಳುವ ವಾಡಿಕೆ ಅದು. ಪಾಸ್‌ವರ್ಡ್ ಸೇರಿದ ಎರಡನೆಯ ಕೋರಿಕೆಗೆ 200 ಬರಬೇಕು. ಮತ್ತೆ ಮತ್ತೆ 401 ಬಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. ಇಲ್ಲಿ ಎಡವುವವರು ಬಹಳ, ಏಕೆಂದರೆ ಜಾಲತಾಣಕ್ಕೆ ಪ್ರವೇಶಿಸುವ ಪಾಸ್‌ವರ್ಡ್ ಬೇರೆ, ಎಸ್‌ಐಪಿ ಪಾಸ್‌ವರ್ಡ್ ಬೇರೆ. ಎರಡನೆಯದು ಖಾತೆಯ ಪುಟದಲ್ಲಿ ಸಾಧನಗಳ ವಿಭಾಗದಲ್ಲಿ ಪ್ರತ್ಯೇಕವಾಗಿ ಸಿಗುತ್ತದೆ. 403 ಬಂದರೆ ಸರ್ವರ್‌ಗೆ ಕೋರಿಕೆ ಅರ್ಥವಾಗಿದೆ, ಆದರೆ ಅನುಮತಿಯಿಲ್ಲ: ಖಾತೆ ಇನ್ನೂ ಸಕ್ರಿಯವಾಗಿಲ್ಲ ಅಥವಾ ತಡೆಹಿಡಿಯಲಾಗಿದೆ. 404 ಎಂದರೆ ಆ ಹೆಸರಿನ ಬಳಕೆದಾರ ಅಲ್ಲಿಲ್ಲ, ಡೊಮೇನ್ (ಸರ್ವರ್‌ನ ಹೆಸರು) ತಪ್ಪಾಗಿರಬಹುದು. 423 ಬಂದರೆ ನೋಂದಣಿಯ ಅವಧಿಯನ್ನು ತೀರ ಕಡಿಮೆ ಇಟ್ಟಿದ್ದೀರಿ, ಹೆಚ್ಚಿಸಿ. 408 ಅಥವಾ ಏನೂ ಬಾರದ ಮೌನವಾದರೆ ಕೋರಿಕೆ ಸರ್ವರ್ ತನಕ ಹೋಗಿಲ್ಲ ಅಥವಾ ಉತ್ತರ ಹಿಂದಿರುಗಿಲ್ಲ.

ಮೌನದ ಹಿಂದೆ ಹೆಚ್ಚಿನ ಸಲ ಇರುವುದು ರೌಟರ್. ಎಸ್‌ಐಪಿ ಎಎಲ್‌ಜಿ ಎಂಬ ಸೌಲಭ್ಯವನ್ನು ನೆರವಿಗೆಂದೇ ಅದರಲ್ಲಿ ಇಟ್ಟಿರುತ್ತಾರೆ. ಅದು ಸಂದೇಶದೊಳಗಿನ ವಿಳಾಸಗಳನ್ನು ತಿದ್ದಲು ಹೋಗಿ ಕೆಡಿಸುತ್ತದೆ. ಅದನ್ನು ನಿಷ್ಕ್ರಿಯಗೊಳಿಸಿ ರೌಟರ್ ಮರುಚಾಲನೆ ಮಾಡಿ. ಆಗಲೂ ಆಗದಿದ್ದರೆ ಅದೇ ಸಾಧನವನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ ನೋಡಿ. ಅಲ್ಲಿ ನೋಂದಣಿಯಾದರೆ ದೋಷ ಮನೆಯ ಜಾಲದ್ದೇ. 5060ನ್ನೇ ತಡೆಯುವ ಜಾಲಗಳಲ್ಲಿ 5061ಕ್ಕೆ ಬದಲಿಸಿದರೆ ಕೆಲಸವಾಗುವುದುಂಟು. ರೌಟರ್‌ಗೆ ಹೊರಗಿನಿಂದ ಸಿಕ್ಕ ವಿಳಾಸ 100.64ರಿಂದ 100.127ರ ನಡುವೆ ಆರಂಭವಾಗುತ್ತಿದ್ದರೆ ನೀವು ಅಂತರ್ಜಾಲ ಸೇವಾದಾರರು ಹಲವರಿಗೆ ಹಂಚಿರುವ ಒಂದೇ ವಿಳಾಸದ ಹಿಂದಿದ್ದೀರಿ. ಆಗ ರೌಟರ್‌ನಲ್ಲಿ ಪೋರ್ಟ್ ತೆರೆದು ಪ್ರಯೋಜನವಿಲ್ಲ, ಸಾಧನದಲ್ಲಿ ಸಂಪರ್ಕ ಜೀವಂತವಾಗಿಡುವ ಆಯ್ಕೆಯನ್ನು ಚಾಲೂ ಮಾಡಿ.

ಸಹಾಯವಾಣಿಗೆ ಬರೆಯುವಾಗ

ಇಷ್ಟೆಲ್ಲ ಆದ ಮೇಲೂ ಬಾಗಿಲು ತೆರೆಯದಿದ್ದರೆ ಬರೆಯಿರಿ. ‘ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ಬರೆದರೆ ಸಿದ್ಧ ಉತ್ತರ ಬರುತ್ತದೆ. ಯಾವ ಹಂತದಲ್ಲಿ ನಿಂತಿತು, ಯಾವ ದಿನ ಎಷ್ಟು ಗಂಟೆಗೆ, ಯಾವ ಸಮಯವಲಯದಲ್ಲಿ, + ಸಹಿತ ಪೂರ್ಣ ಸಂಖ್ಯೆ, ಪರದೆಯ ಮೇಲಿನ ಮಾತು ಇದ್ದಂತೆಯೇ, ಯಾವ ಜಾಲದಿಂದ, ಬೇರೆ ಸೇವೆಯ ಒಟಿಪಿ ಬಂತೇ ಇಲ್ಲವೇ, ಇವನ್ನು ಬರೆಯಿರಿ. ಸಮಯ ಸರಿಯಾಗಿದ್ದರೆ ಅವರು ತಮ್ಮ ದಾಖಲೆಯಲ್ಲಿ ನಿಮ್ಮ ಸಂದೇಶ ಎಲ್ಲಿ ಬಿದ್ದಿತೆಂದು ಹುಡುಕಬಲ್ಲರು. ಪಾಸ್‌ವರ್ಡನ್ನೂ ಒಟಿಪಿಯನ್ನೂ ಎಂದಿಗೂ ಬರೆಯಬೇಡಿ. ಉತ್ತರ ಬರುವ ತನಕ ಇನ್ನೊಂದು ಇಮೇಲ್‌ನಿಂದ ಎರಡನೆಯ ಖಾತೆ ತೆರೆಯಲು ಹೋಗಬೇಡಿ, ಒಬ್ಬರಿಗೆ ಎರಡು ಅರೆಬರೆ ಖಾತೆಗಳಿದ್ದರೆ ಎರಡೂ ಸಿಕ್ಕಿಕೊಳ್ಳುತ್ತವೆ.

ಎಲ್ಲವೂ ಸರಿಹೋಯಿತು ಎನಿಸಿದಾಗ ಬೇರೆ ಫೋನಿನಿಂದ ಹೊಸ ಸಂಖ್ಯೆಗೆ ಒಂದು ಕರೆ, ಹೊಸ ಸಂಖ್ಯೆಯಿಂದ ಹೊರಗೆ ಒಂದು ಕರೆ ಮಾಡಿ, ಎರಡೂ ಕಡೆಯ ದನಿ ಕೇಳುತ್ತಿದೆಯೇ ನೋಡಿ. ಆಮೇಲೆ ಫೋನನ್ನು ಮುಟ್ಟದೆ, ಪರದೆ ಆರಿಸಿ, ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ಬಿಡಿ. ಎಸ್‌ಐಪಿ ನೋಂದಣಿಯ ಅವಧಿ ಅನೇಕ ಕಡೆ 3600 ಸೆಕೆಂಡು. ಅದು ತಾನಾಗಿ ನವೀಕರಣವಾಗಿದೆಯೇ, ಬ್ಯಾಟರಿ ಉಳಿಸುವ ವ್ಯವಸ್ಥೆ ಆಪ್ ಅನ್ನು ಮಲಗಿಸಿದೆಯೇ ಎಂಬುದು ಆ ಗಂಟೆ ಕಳೆದ ಮೇಲೆ ಹೊಸ ಸಂಖ್ಯೆಗೆ ಮಾಡುವ ಇನ್ನೊಂದು ಕರೆಯಲ್ಲಿ ತಿಳಿಯುತ್ತದೆ. ಆ ಕರೆಗೂ ಫೋನ್ ರಿಂಗಾದರೆ ಮಾತ್ರ ಸಂಖ್ಯೆಯನ್ನು ಬೇರೆಯವರಿಗೆ ಕೊಡಿ.